ಹೈಡ್ರೇಟ್ ಮರಳು ಒತ್ತುವ ಯಂತ್ರ: 14 ತಿಂಗಳು ಬಳಸಿದ ಮೇಲೆ

ಕಂಪನಿ ಹೆಸರು ಹಾಕುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎ.ಎಂ.ಸಿ., ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಇನ್ನೂ ನಡೆಯುತ್ತಿದೆ. ಅವರ ಎಂಜಿನಿಯರ್ ಮುಂದಿನ ತಿಂಗಳು ಮತ್ತೆ ಬರಬೇಕು, ಬಂದರೆ ಮುಖ ನೋಡಬೇಕಲ್ವಾ? ಊರ ಕಡೆಯ ಎರಡು ಲ್ಯಾಬಿನವರು ಫೋನ್ ಮಾಡಿ "ನೀವು ತರಿಸಿದ್ದೀರಂತೆ, ಹೇಗಿದೆ?" ಅಂತ ಕೇಳಿದರು. ಫೋನಲ್ಲಿ ಅರ್ಧ ಗಂಟೆ ಹೇಳಿದರೂ ಮುಗಿಯಲಿಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾನು ಹಿರಿಯೂರಿನವನು. ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ 19 ವರ್ಷ ಆಯಿತು. ಈಗ ಆರು ವರ್ಷದಿಂದ ಚೆನ್ನೈನಲ್ಲಿದ್ದೇನೆ. ಪಿಎಚ್‌ಡಿ ಮಾಡಿದವನಲ್ಲ. ಸ್ಪಾನರ್ ಹಿಡಿಯುವವನು. ಆದ್ದರಿಂದ ಈ ಬರಹ ಸ್ಪಾನರ್ ಹಿಡಿಯುವವರಿಗೆ ಜಾಸ್ತಿ ಉಪಯೋಗ.

ಯಂತ್ರ ಯಾವುದು ಅಂದರೆ, ಮೀಥೇನ್ ಹೈಡ್ರೇಟ್ ಇರುವ ಮರಳಿನ ಗಟ್ಟಿತನ ಅಳೆಯುವ ಟ್ರಯಾಕ್ಸಿಯಲ್. ಮಾಮೂಲಿ ಟ್ರಯಾಕ್ಸಿಯಲ್ ನಿಮಗೆ ಗೊತ್ತೇ ಇದೆ. ರಬ್ಬರ್ ಚೀಲದೊಳಗೆ ಮಣ್ಣಿನ ಕಂಬ, ಸುತ್ತ ನೀರಿನ ಒತ್ತಡ, ಮೇಲಿನಿಂದ ರಾಡ್ ಇಳಿಸಿ ಕಂಬ ಯಾವಾಗ ಸೋಲುತ್ತದೆ ಅಂತ ನೋಡುವುದು. ಇದೂ ಅದೇ. ಸೆಲ್, ಅಂದರೆ ಕಂಬವನ್ನೂ ನೀರನ್ನೂ ಹಿಡಿದಿಡುವ ಪಾತ್ರೆ, ಮಾತ್ರ ಅಕ್ರಿಲಿಕ್ ಬದಲು ಸ್ಟೀಲ್, 20 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ತಡೆಯುತ್ತದೆ. ಸುತ್ತ ತಂಪು ದ್ರವ ಹರಿಯುವ ಜಾಕೆಟ್ ಇದೆ. ಜೊತೆಗೆ ಮೂರು ಸಿರಿಂಜ್ ಪಂಪು, ಆ ದ್ರವ ತಣ್ಣಗೆ ಮಾಡುವ ಒಂದು ಚಿಲ್ಲರ್, ಒಂದು ಕಂಪ್ಯೂಟರ್. ಎಲ್ಲ ಸೇರಿ ಸುಮಾರು 70 ಲಕ್ಷ ಬಿತ್ತು.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಮೀಥೇನ್ ಹೈಡ್ರೇಟ್ ಅನ್ನುವುದು ನೋಡಲು ಐಸ್ ಥರ ಇರುತ್ತದೆ, ಆದರೆ ಐಸ್ ಅಲ್ಲ. ನೀರಿನ ಅಣುಗಳು ಪಂಜರ ಕಟ್ಟಿಕೊಂಡು ಒಳಗೆ ಒಂದೊಂದು ಮೀಥೇನ್ ಅಣು ಕೂಡಿಹಾಕಿರುತ್ತವೆ. ತಣ್ಣಗಿರಬೇಕು, ಒತ್ತಡವೂ ಇರಬೇಕು. 4 ಡಿಗ್ರಿಯಲ್ಲಿ ಸುಮಾರು 4 ಎಂಪಿಎ ಬೇಕು, ಅಂದರೆ 400 ಮೀಟರ್ ನೀರಿನ ಕೆಳಗಿನ ಒತ್ತಡ. 10 ಡಿಗ್ರಿ ಆದರೆ 7 ಎಂಪಿಎ ದಾಟಬೇಕು. ಎರಡರಲ್ಲಿ ಒಂದು ಕೈ ಕೊಟ್ಟರೂ ಪಂಜರ ಒಡೆದು ಗ್ಯಾಸ್ ಹೊರಗೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ 160ಕ್ಕೂ ಹೆಚ್ಚು ಘನ ಮೀಟರ್ ಗ್ಯಾಸ್.

ಈ ಸರಕು ನಮ್ಮ ಕೃಷ್ಣಾ-ಗೋದಾವರಿ ಕಡಲಿನ ತಳದಲ್ಲೂ ಇದೆ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಅನ್ನುವ ಹಡಗು ಬಂದು ಕೊರೆದಾಗ ಜೇಡಿಮಣ್ಣಿನ ಬಿರುಕುಗಳಲ್ಲಿ ಸಿಕ್ಕಿತು. 2015ರಲ್ಲಿ ಜಪಾನಿನ ಚಿಕ್ಯೂ ಹಡಗು ಬಂದಾಗ ಮರಳಿನ ಪದರದಲ್ಲೂ ಸಿಕ್ಕಿತು. ಮರಳಿನಲ್ಲಿ ಸಿಕ್ಕಿದ್ದೇ ಎಲ್ಲರಿಗೂ ಖುಷಿ, ಯಾಕೆಂದರೆ ಮರಳಿನಿಂದ ಗ್ಯಾಸ್ ತೆಗೆಯುವುದು ಸುಲಭ. ಸುಲಭ ಅಂತ ಬಾಯಲ್ಲಿ ಹೇಳುವುದಷ್ಟೆ. ಜಪಾನಿನವರು 2013ರ ಮಾರ್ಚ್‌ನಲ್ಲಿ ನಾನ್‌ಕೈ ಕಡಲಲ್ಲಿ ಆರು ದಿನ ಗ್ಯಾಸ್ ತೆಗೆದರು, ಸುಮಾರು 1,20,000 ಘನ ಮೀಟರ್. ಆಮೇಲೆ ಬಾವಿಯೊಳಗೆ ಮರಳು ನುಗ್ಗಿ ಕೆಲಸ ನಿಂತಿತು. ಹೈಡ್ರೇಟ್ ಇದ್ದಾಗ ಗಟ್ಟಿಯಾಗಿ ನಿಂತಿದ್ದ ಮರಳು ಅದು ಕರಗಿದ ಮೇಲೆ ಎಷ್ಟರ ಮಟ್ಟಿಗೆ ಸಡಿಲವಾಗುತ್ತದೆ? ಈ ಯಂತ್ರದ ಕೆಲಸ ಅಷ್ಟೇ, ಅದನ್ನು ಹೇಳುವುದು.

ಮೊದಲು ಒಳ್ಳೆಯದು ಹೇಳುತ್ತೇನೆ.

ಲೋಡ್ ಸೆಲ್, ಅಂದರೆ ಕಂಬದ ಮೇಲೆ ಬೀಳುವ ಬಲ ಅಳೆಯುವ ಸಾಧನ, ಸೆಲ್ಲಿನ ಒಳಗೇ ಇದೆ. ಇದಕ್ಕೆ ಪೂರ್ತಿ ಅಂಕ. ಹೊರಗೆ ಲೋಡ್ ಸೆಲ್ ಇಟ್ಟು ಅಗ್ಗವಾಗಿ ಕೊಡುವವರೂ ಇದ್ದಾರೆ, ಅವರ ಹತ್ತಿರ ಹೋಗಬೇಡಿ. ರಾಡ್ 25 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. ಸೆಲ್ಲಿನಲ್ಲಿ 6 ಎಂಪಿಎ ಇದ್ದರೆ ಆ ರಾಡನ್ನು ಮೇಲಕ್ಕೆ ತಳ್ಳುವ ಬಲವೇ ಸುಮಾರು 300 ಕೆಜಿ ತೂಕದಷ್ಟು. ಅದರ ಮೇಲೆ ಸೀಲಿನ ತಿಕ್ಕಾಟ ಬೇರೆ. ಹೊರಗೆ ಕೂತ ಲೋಡ್ ಸೆಲ್ ಇದನ್ನೆಲ್ಲ ಮರಳಿನ ಬಲ ಅಂತ ಲೆಕ್ಕ ಹಾಕಿಬಿಡುತ್ತದೆ.

ಸ್ಟೀಲ್ ಕೆಲಸವೂ ಚೆನ್ನಾಗಿದೆ. 14 ತಿಂಗಳಲ್ಲಿ ಸೆಲ್ ಒಂದು ಸಲವೂ ಸೋರಲಿಲ್ಲ. ಪಂಪುಗಳು ಗಡಿಯಾರದ ಹಾಗೆ ನಡೆಯುತ್ತವೆ. ಸಾಫ್ಟ್‌ವೇರ್ ನೋಡಲು ಹಳೇ ಕಾಲದ್ದು, ಆದರೆ ಯಾವತ್ತೂ ಹ್ಯಾಂಗ್ ಆಗಿಲ್ಲ. ಇದು ಮುಂದೆ ಹೇಳುವ ಕಥೆಯಲ್ಲಿ ಉಪಯೋಗಕ್ಕೆ ಬಂತು.

ಅಳತೆಯೂ ನಂಬುವ ಹಾಗೇ ಬರುತ್ತದೆ. ನಾವು ಕಂಬ ಮಾಡುವುದು 50 ಮಿಲಿಮೀಟರ್ ವ್ಯಾಸ, 100 ಮಿಲಿಮೀಟರ್ ಎತ್ತರ. ಸುಮಾರು 310 ಗ್ರಾಂ ನುಣುಪು ಮರಳಿಗೆ 25 ಗ್ರಾಂ ನೀರು ಬೆರೆಸಿ, ಅವಲಕ್ಕಿ ನೆನೆಸಿದಷ್ಟು ಒದ್ದೆ ಮಾಡಿ, ಹತ್ತು ಪದರವಾಗಿ ಮೆಲ್ಲಗೆ ತಟ್ಟಿ ತುಂಬುತ್ತೇವೆ. ಆ 25 ಗ್ರಾಂ ನೀರು ಪೂರ್ತಿ ಹೈಡ್ರೇಟ್ ಆದರೆ ಮರಳಿನ ಸಂದಿಯ 40 ಶೇಕಡಾ ತುಂಬುತ್ತದೆ. ಆಮೇಲೆ ಮೀಥೇನ್ 5 ಎಂಪಿಎಗೆ ಬಿಟ್ಟು, ತಣ್ಣಗೆ ಮಾಡಿ, ಕಾಯುವುದು. ಮೊದಲ ಸಲ ಹೈಡ್ರೇಟ್ ಕಟ್ಟಲು ಶುರುವಾಗುವುದಕ್ಕೇ ಒಂದೂವರೆ ದಿನ ಹಿಡಿಯಿತು. ಸುಮ್ನೆ ಕೂತು ಗೇಜ್ ನೋಡುವುದು. ಅದೇ ನೀರನ್ನು ಒಮ್ಮೆ ಕರಗಿಸಿ ಮತ್ತೆ ತಣ್ಣಗೆ ಮಾಡಿದರೆ ಬೇಗ ಕಟ್ಟುತ್ತದೆ. ನೀರಿಗೆ ನೆನಪಿರುತ್ತದೆ ಅಂತ ನಮ್ಮ ಮೇಡಂ ಹೇಳುತ್ತಾರೆ. ನೆನಪೋ ಏನೋ, ಬೇಗ ಕಟ್ಟುವುದಂತೂ ನಿಜ.

ಕಟ್ಟಿದ ಮೇಲೆ ಒತ್ತಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1 ಎಂಪಿಎ ಹಿಡಿತದಲ್ಲಿ (ಸೆಲ್ಲಿನ ಒತ್ತಡದಲ್ಲಿ ಕಂಬದೊಳಗಿನ ಒತ್ತಡ ಕಳೆದರೆ ಉಳಿಯುವುದು) ಬರೀ ಮರಳು 2.6 ಎಂಪಿಎ ತನಕ ತಡೆದು ಮೆಲ್ಲಗೆ ಸೋಲುತ್ತದೆ. ಹೈಡ್ರೇಟ್ ಇರುವ ಅದೇ ಮರಳು ನಮ್ಮಲ್ಲಿ 4.4 ತನಕ ಹೋಯಿತು. ಗೆರೆ ಕಡಿದಾಗಿ ಏರಿ, ತುದಿ ಮುಟ್ಟಿ, ಪಟ್ಟನೆ ಕೆಳಗೆ ಇಳಿಯಿತು. ಕುಸಿಯುವಾಗ ಕಂಬ ಹಿಗ್ಗುವುದೂ ಜಾಸ್ತಿ. ಕಣಕ್ಕೂ ಕಣಕ್ಕೂ ಇರುವ ತಿಕ್ಕಾಟದ ಕೋನ ಹೆಚ್ಚು ಬದಲಾಗುವುದಿಲ್ಲ. ಹೆಚ್ಚುವುದು ಅಂಟು.

ಒಂದು ಎಚ್ಚರಿಕೆ, ಇದು ಯಂತ್ರದ ದೋಷ ಅಲ್ಲ. ಹೀಗೆ ಒದ್ದೆ ಮರಳಿಗೆ ಗ್ಯಾಸ್ ಬಿಟ್ಟರೆ ನೀರು ಇರುವುದು ಕಣಗಳು ತಾಗುವ ಜಾಗದಲ್ಲೇ. ಹೈಡ್ರೇಟ್ ಕಟ್ಟುವುದೂ ಅಲ್ಲೇ. ಶೇಂಗಾ ಚಿಕ್ಕಿಯಲ್ಲಿ ಬೆಲ್ಲದ ಪಾಕ ಬೀಜ ಹಿಡಿದ ಹಾಗೆ. ಮೊದಲು ಗ್ಯಾಸ್ ಸ್ವಲ್ಪವೇ ಬಿಟ್ಟು ಆಮೇಲೆ ನೀರು ತುಂಬಿ ಕಟ್ಟಿಸಿದರೆ ಬೇರೆ ಥರ. ಆಗ ಕಡಲೆ ಡಬ್ಬಿಯ ಸಂದಿಯಲ್ಲಿ ಸಾಸಿವೆ ಸುರಿದ ಹಾಗೆ ಇರುತ್ತದೆ. ಸಾಸಿವೆ ಕಡಿಮೆ ಇದ್ದಾಗ ಕಡಲೆಗೆ ಅದರಿಂದ ಏನೂ ಆಸರೆ ಇಲ್ಲ. ಸಂದಿಯ 25ರಿಂದ 40 ಶೇಕಡಾ ತುಂಬಿದ ಮೇಲೆ ಸಾಸಿವೆಯೂ ಭಾರ ಹೊರಲು ಶುರು ಮಾಡುತ್ತದೆ. ಕಡಲ ತಳದ ಮರಳು ಈ ಎರಡನೇ ಥರಕ್ಕೆ ಹತ್ತಿರ. ಚಿಕ್ಕಿ ಒತ್ತಿ ಬಂದ ಅಂಕಿಯನ್ನು ಕಡಲಿಗೆ ಹಚ್ಚಿದರೆ ಬಾವಿ ಕಟ್ಟುವವರಿಗೆ ಸುಳ್ಳು ಧೈರ್ಯ ಕೊಟ್ಟ ಹಾಗೆ. ಕಂಪನಿಯ ಬ್ರೋಷರಿನಲ್ಲಿರುವ ಸುಂದರವಾದ ಗ್ರಾಫ್ ಚಿಕ್ಕಿಯದ್ದು. ಡೆಮೊ ದಿನ ನಾನು ಕೇಳಿದೆ. ಸೇಲ್ಸ್‌ನವನು ನಕ್ಕು ಕಾಫಿ ತರಿಸಿದ.

ಈಗ ಬೈಯುವ ಭಾಗ. ನನ್ನ ತಕರಾರೆಲ್ಲ ಒಂದೇ ಕಡೆ ಬಂದು ನಿಲ್ಲುತ್ತದೆ. ಇವರು ಒತ್ತಡದ ಯಂತ್ರ ಮಾಡಿ, ಅದಕ್ಕೆ ತಂಪನ್ನು ಆಮೇಲೆ ಅಂಟಿಸಿದ್ದಾರೆ. ಹೈಡ್ರೇಟ್ ಕೆಲಸದಲ್ಲಿ ಒತ್ತಡ ಕೊಡುವುದು ಮಕ್ಕಳಾಟ, ತಂಪು ಕಾಯುವುದೇ ಕಷ್ಟ.

ಸ್ಪೆಸಿಫಿಕೇಷನ್ನಿನಲ್ಲಿ ಪ್ಲಸ್ ಮೈನಸ್ 0.1 ಡಿಗ್ರಿ ಅಂತ ಇದೆ. ಸುಳ್ಳಲ್ಲ. ಆದರೆ ಅದು ಚಿಲ್ಲರಿನ ತೊಟ್ಟಿಯ ಲೆಕ್ಕ. ಕಂಬದ ಲೆಕ್ಕ ಬೇರೆ. ನಾನು ಎರಡು ತೆಳು ಥರ್ಮೋಕಪಲ್ (ಟೆಂಪರೇಚರ್ ಅಳೆಯುವ ತಂತಿ) ತಂದು, ಒಂದನ್ನು ಕಂಬದ ತಲೆಗೆ, ಒಂದನ್ನು ಬುಡಕ್ಕೆ ಇಟ್ಟೆ. ಚಿಲ್ಲರ್ 2.0 ತೋರಿಸುವಾಗ ಬುಡದಲ್ಲಿ 3.1, ತಲೆಯಲ್ಲಿ 4.6. ಯಾಕೆ ಅಂದರೆ ಮೇಲಿನಿಂದ ಬರುವ ರಾಡ್ ಗಟ್ಟಿ ಸ್ಟೀಲ್. ಅದರ ಇನ್ನೊಂದು ತುದಿ ಚೆನ್ನೈನ ಗಾಳಿಯಲ್ಲಿದೆ. ಮೇ ತಿಂಗಳ ಚೆನ್ನೈ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ರಾಡ್ ಹಗಲು ರಾತ್ರಿ ಬಿಸಿಯನ್ನು ಒಳಗೆ ಇಳಿಸುತ್ತಲೇ ಇರುತ್ತದೆ. ನಾವು 5 ಎಂಪಿಎ ಗ್ಯಾಸ್ ಒತ್ತಡದಲ್ಲಿ ಕೆಲಸ ಮಾಡುತ್ತೇವೆ. ಅಲ್ಲಿ ಹೈಡ್ರೇಟಿನ ಗಡಿ ಸುಮಾರು 6 ಡಿಗ್ರಿ, ಅದಕ್ಕಿಂತ ಬಿಸಿಯಾದರೆ ಕರಗುತ್ತದೆ. 4.6 ಅಂದರೆ ಗಡಿಗೆ ಒಂದೂವರೆ ಡಿಗ್ರಿ ಅಷ್ಟೇ ಬಾಕಿ. ಸಮುದ್ರದ ಉಪ್ಪು ನೀರು ಬಳಸಿದರೆ ಗಡಿ ಇನ್ನೂ ಒಂದು ಡಿಗ್ರಿಗಿಂತ ಜಾಸ್ತಿ ಕೆಳಗೆ ಬರುತ್ತದೆ. ಉಳಿದದ್ದು ಏನು? ರಾಡಿಗೆ ಸುತ್ತಲೂ ತಾಮ್ರದ ಕೊಳವೆ ಸುತ್ತಿ, ಚಿಲ್ಲರ್ ನೀರು ಹಾಯಿಸಿ, ಮೇಲೆ ಕಪ್ಪು ಫೋಮ್ ಕಟ್ಟಿದ್ದು ನಾನೇ. ಈಗ ತಲೆಗೂ ಬುಡಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ. 70 ಲಕ್ಷದ ಯಂತ್ರಕ್ಕೆ ಫ್ರಿಜ್ ರಿಪೇರಿಯವನ ಹತ್ತಿರ ಕೊಳವೆ ತಂದು ಸುತ್ತಬೇಕಾ?

ಇನ್ನು ಆ ರಾತ್ರಿಯ ಕಥೆ.

ನಾಲ್ಕನೇ ತಿಂಗಳು. ಕಂಬದಲ್ಲಿ ಹೈಡ್ರೇಟ್ ಚೆನ್ನಾಗಿ ಕಟ್ಟಿತ್ತು. ಮರುದಿನ ಒತ್ತಬೇಕು ಅಂತ ಗ್ಯಾಸ್ ವಾಲ್ವ್ ಮುಚ್ಚಿ, ಸೆಲ್ 6 ಎಂಪಿಎ, ಒಳಗೆ 5 ಎಂಪಿಎ ಇಟ್ಟು ಮನೆಗೆ ಹೋದೆವು. ರಾತ್ರಿ 1.20ಕ್ಕೆ ಕರೆಂಟ್ ಹೋಗಿದೆ. ಹನ್ನೊಂದೇ ನಿಮಿಷ. ಪಂಪುಗಳು, ಕಂಪ್ಯೂಟರ್ ಯುಪಿಎಸ್ ಮೇಲೆ ಇದ್ದವು. ಚಿಲ್ಲರ್ ದೊಡ್ಡ ಲೋಡ್ ಅಂತ ಕಂಪನಿಯವರೇ ಅದನ್ನು ಮೇನ್ ಲೈನಿಗೆ ಕೊಟ್ಟಿದ್ದರು. ಕರೆಂಟ್ ಬಂತು. ಚಿಲ್ಲರ್ ಶುರುವಾಗಲಿಲ್ಲ. ಹಸಿರು ದೀಪ ಹೊತ್ತಿಸಿಕೊಂಡು, ಯಾರಾದರೂ ಬಂದು ಸ್ಟಾರ್ಟ್ ಒತ್ತಲಿ ಅಂತ ಬೆಳಗಿನ ತನಕ ಕಾದಿದೆ.

ಬೆಳಗ್ಗೆ ಎಂಟೂವರೆಗೆ ನಮ್ಮ ಹುಡುಗಿ, ಪಿಎಚ್‌ಡಿ ಮಾಡುತ್ತಿರುವವಳು, ಫೋನ್ ಮಾಡಿದಳು. "ಅಣ್ಣಾ, ಎರಡೂ ಪ್ರೆಶರ್ ಒಂದೇ ತೋರಿಸ್ತಿದೆ" ಅಂದಳು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಕಂಪ್ಯೂಟರ್ ಎಲ್ಲವನ್ನೂ ಬರೆದಿಟ್ಟಿತ್ತು. ಆ ಗ್ರಾಫ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ, ಅಷ್ಟು ಚೆನ್ನಾಗಿದೆ. ಮೂರು ಗಂಟೆ ತನಕ ಟೆಂಪರೇಚರ್ ಮೆಲ್ಲಗೆ ಏರಿದೆ, ಒಳಗಿನ ಒತ್ತಡ ಸ್ವಲ್ಪವೇ ಏರಿದೆ. 6 ಡಿಗ್ರಿ ದಾಟಿದ ಕೂಡಲೇ ಒತ್ತಡದ ಗೆರೆ ಎದ್ದು ನಿಂತಿದೆ. 5.2, 5.5, 5.8. ಹೈಡ್ರೇಟ್ ಕರಗುತ್ತಿದೆ, ಗ್ಯಾಸಿಗೆ ಹೋಗಲು ದಾರಿ ಇಲ್ಲ. 6 ಎಂಪಿಎ ಮುಟ್ಟಿದಾಗ ಒಳಗಿನ ಒತ್ತಡವೂ ಹೊರಗಿನದ್ದೂ ಸರಿಸಮ. ಅಲ್ಲಿಂದ ಮುಂದೆ ಒತ್ತಡದ ಗೆರೆ ಚಪ್ಪಟೆ. ಸೆಲ್ ಪಂಪು ಮಾತ್ರ ಹಿಂದೆ ಹಿಂದೆ ಸರಿದಿದೆ, 50 ಸಿಸಿಗಿಂತ ಜಾಸ್ತಿ ನೀರು ವಾಪಸ್ ತೆಗೆದುಕೊಂಡಿದೆ. ಅಂದರೆ ರಬ್ಬರ್ ಚೀಲ ಬಲೂನಿನ ಹಾಗೆ ಉಬ್ಬುತ್ತಿತ್ತು. ಇನ್ನೂ ಒಂದು ಚಂದ. ಟೆಂಪರೇಚರ್ ಗೆರೆ ಕೂಡ 8 ಡಿಗ್ರಿ ಹತ್ತಿರ ಬಹಳ ಹೊತ್ತು ಅಲ್ಲೇ ನಿಂತಿದೆ. ಕರಗಲು ಹೈಡ್ರೇಟಿಗೆ ಬಿಸಿ ಬೇಕು, ಬಂದ ಬಿಸಿಯನ್ನೆಲ್ಲ ಅದೇ ನುಂಗಿದೆ.

ಮೇಡಂಗೆ ತೋರಿಸಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಕಡಲ ತಳದ ಇಳಿಜಾರು ಜಾರುವುದು ಹೀಗೇ ಅಂತ ಹೇಳುತ್ತಾರಲ್ಲ, ಅದು ಇದೇ. ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವ ತನಕ ಮರಳಿಗೆ ಬಲ. ಸಂದಿಯ ಒತ್ತಡ ಹೊರಗಿನದಕ್ಕೆ ಸಮ ಆದರೆ ಹಿಡಿತ ಸೊನ್ನೆ. ನಾರ್ವೆ ಕಡಲಲ್ಲಿ ಸುಮಾರು 8,000 ವರ್ಷದ ಹಿಂದೆ ಸ್ಟೊರೆಗಾ ಅನ್ನುವ ಭಾರೀ ಕುಸಿತ ಆಗಿತ್ತು. ಅದಕ್ಕೆ ಹೈಡ್ರೇಟ್ ಕರಗಿದ್ದೇ ಕಾರಣ ಅಂತ ಒಂದು ಕಾಲಕ್ಕೆ ಜೋರು ವಾದ ಇತ್ತಂತೆ. ಈಗ ಭೂಕಂಪವೇ ಮುಖ್ಯ ಕಾರಣ ಅನ್ನುವವರು ಜಾಸ್ತಿ. ಆ ವಾದ ಅವರವರಿಗೆ ಬಿಟ್ಟದ್ದು. ನಮ್ಮ ಲ್ಯಾಬಿನಲ್ಲಿ ಜಾರಿದ್ದಂತೂ ಹೈಡ್ರೇಟಿನಿಂದ, ಕಣ್ಣಾರೆ ನೋಡಿದ್ದೇನೆ. ಗ್ಯಾಸ್ ಬಿಟ್ಟು ಸೆಲ್ ತೆಗೆದಾಗ ಕಂಬ ಅನ್ನುವುದೇ ಇರಲಿಲ್ಲ. ಸಡಿಲವಾದ ಚೀಲದ ಬುಡದಲ್ಲಿ ಉಪ್ಪಿಟ್ಟಿನ ಹಾಗೆ ಒದ್ದೆ ಮರಳು ಕೂತಿತ್ತು.

ಕಂಪನಿಗೆ ಫೋನ್ ಮಾಡಿದೆ. "ಕರೆಂಟ್ ಹೋದರೆ ನಮ್ಮ ಜವಾಬ್ದಾರಿ ಹೇಗೆ ಸರ್?" ಅಂದರು. ಕರೆಂಟ್ ಹೋಗಿದ್ದು ನನ್ನ ದೂರಲ್ಲ, ಬಂದ ಮೇಲೂ ಚಿಲ್ಲರ್ ಎದ್ದೇಳಲಿಲ್ಲ ಅನ್ನುವುದು ದೂರು ಅಂತ ಮೂರು ಸಲ ಹೇಳಿದೆ. ಮೂರು ವಾರ ಬಿಟ್ಟು ಒಂದು ಮೇಲ್ ಬಂತು. ಆಟೋ ರೀಸ್ಟಾರ್ಟ್ ಬೇಕಾದರೆ ಬೇರೆ ಮಾಡೆಲ್ ಚಿಲ್ಲರ್, ಕೊಟೇಷನ್ ಲಗತ್ತಿಸಿದೆ! ನಾನು ಇಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ರಿಚಿ ಸ್ಟ್ರೀಟಿಗೆ ಹೋಗಿ ಒಂದು ರಿಲೇ, ಒಂದು ಟೈಮರ್ ತಂದೆ. ನಮ್ಮ ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನದಲ್ಲಿ ಕೂರಿಸಿಕೊಟ್ಟ. ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಜೊತೆಗೆ ಒಳ ಒತ್ತಡ ಹೊರ ಒತ್ತಡದ ಹತ್ತಿರ ಬಂದರೆ ಗ್ಯಾಸನ್ನು ತಾನೇ ಹೊರಗೆ ಬಿಡುವ ರಿಲೀಫ್ ವಾಲ್ವ್ ಒಂದನ್ನೂ ಹಾಕಿ, ಅದರ ಕೊಳವೆಯನ್ನು ಕಟ್ಟಡದ ಹೊರಗೆ ಒಯ್ದೆವು. ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಸೇರಿದರೆ ಕಿಡಿ ಸಾಕು. ಯಂತ್ರದ ಜೊತೆ ಬಂದ ಗ್ಯಾಸ್ ಡಿಟೆಕ್ಟರನ್ನು ಅವರು ಮೇಜಿನ ಕಾಲಿನ ಹತ್ತಿರ ಕೂರಿಸಿ ಹೋಗಿದ್ದರು. ಎಲ್‌ಪಿಜಿ ಆದರೆ ಕೆಳಗೆ ಇಳಿಯುತ್ತದೆ, ಸರಿ. ಮೀಥೇನ್ ಗಾಳಿಗಿಂತ ಹಗುರ, ಸೂರಿಗೆ ಹೋಗುತ್ತದೆ. ಏಣಿ ಹಾಕಿ ನಾನೇ ಮೇಲೆ ಕೂರಿಸಿದೆ.

ಗ್ಯಾಸ್ ಪಂಪಿಗೆ ಜಾಕೆಟ್ ಇಲ್ಲದಿರುವುದು ಇನ್ನೊಂದು ತಂಪಿನ ತಪ್ಪು. ಎಷ್ಟು ಗ್ಯಾಸ್ ಒಳಗೆ ಹೋಯಿತು ಅನ್ನುವುದರಿಂದಲೇ ಎಷ್ಟು ಹೈಡ್ರೇಟ್ ಕಟ್ಟಿತು ಅಂತ ಲೆಕ್ಕ ಹಾಕುವುದು. ಹುಡುಗಿಯ ಗ್ರಾಫಿನಲ್ಲಿ ಹೈಡ್ರೇಟ್ ದಿನಾ ಸಂಜೆ ಆರಕ್ಕೆ ಕಡಿಮೆಯಾಗಿ, ಬೆಳಗ್ಗೆ ಒಂಬತ್ತಕ್ಕೆ ಜಾಸ್ತಿ ಆಗುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡಳು. ಸಂಜೆ ಆರಕ್ಕೆ ಕಟ್ಟಡದ ಎಸಿ ಆಫ್ ಆಗುತ್ತದೆ, ಪಂಪಿನೊಳಗಿನ ಗ್ಯಾಸ್ ಬಿಸಿಯಾಗಿ ಹಿಗ್ಗುತ್ತದೆ, ಅಷ್ಟೇ. ಈಗ ನಾವು ಪಂಪಿನ ಲೆಕ್ಕ ನಂಬುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಮೆಲ್ಲಗೆ ಒತ್ತಡ ಇಳಿಸಿ, ಬಂದ ಗ್ಯಾಸನ್ನು ತಲೆಕೆಳಗಾದ ನೀರಿನ ಜಾಡಿಯಲ್ಲಿ ಹಿಡಿದು ಅಳೆಯುತ್ತೇವೆ. ಸಂದಿಯಲ್ಲಿ ಸುಮ್ಮನೆ ಇದ್ದ ಗ್ಯಾಸಿನ ಲೆಕ್ಕ ಕಳೆದ ಮೇಲೆ ನಮ್ಮ ಕಂಬದಿಂದ ಐದು ಲೀಟರ್ ಹತ್ತಿರ ಬರಬೇಕು. ಬಂದರೆ ಆ ದಿನ ಎಲ್ಲರಿಗೂ ಟೀ.

ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್ ಅನ್ನುವ ದ್ರವ) ಬಗ್ಗೆ ಒಂದು ಮಾತು. ಮೀಥೇನ್ ಲೈಸೆನ್ಸ್ ಬರುವ ತನಕ ಟಿಎಚ್‌ಎಫ್ ಹಾಕಿ ಅಭ್ಯಾಸ ಮಾಡಿ ಅಂತ ಸೇಲ್ಸ್‌ನವರು ಹೇಳಿದರು. ಸಲಹೆ ಒಳ್ಳೆಯದೇ. ನೀರಿಗೆ ತೂಕದಲ್ಲಿ 19 ಶೇಕಡಾ ಟಿಎಚ್‌ಎಫ್ ಬೆರೆಸಿದರೆ ಒತ್ತಡವೇ ಇಲ್ಲದೆ 4.4 ಡಿಗ್ರಿಯ ಕೆಳಗೆ ಹೈಡ್ರೇಟ್ ಕಟ್ಟುತ್ತದೆ. ಆದರೆ ಅದು ರಬ್ಬರ್ ತಿನ್ನುವ ದ್ರಾವಕ ಅಂತ ಯಾರೂ ಬಾಯಿ ಬಿಡಲಿಲ್ಲ. ಎರಡು ವಾರದಲ್ಲಿ ಬುಡದ ಓ-ರಿಂಗುಗಳು, ಸೋರದ ಹಾಗೆ ತಡೆಯುವ ರಬ್ಬರ್ ಉಂಗುರಗಳು, ಊದಿಕೊಂಡು ತೋಡಿನಿಂದ ಹೊರಗೆ ಬಂದಿದ್ದವು. ಹೊಸ ಸೆಟ್ಟಿಗೆ ನಮ್ಮಿಂದಲೇ ದುಡ್ಡು ತೆಗೆದುಕೊಂಡರು, "ಕನ್ಸ್ಯೂಮಬಲ್" ಅಂತ.

ಇದರಲ್ಲಿ ಆಗದ ಕೆಲಸವೂ ಇದೆ, ತಿಳಿದುಕೊಂಡೇ ತರಿಸಿ. ಕಡಲಿನಿಂದ ಒತ್ತಡ ಬಿಡದೆ ಮೇಲೆ ತಂದ ಅಸಲಿ ಕೋರನ್ನು (ತಳ ಕೊರೆದು ತೆಗೆದ ಮಣ್ಣಿನ ಕಂಬ) ಇದಕ್ಕೆ ಹಾಕಲು ಬರುವುದಿಲ್ಲ. ಅದಕ್ಕೆ ಒತ್ತಡದೊಳಗೇ ಕೋರ್ ಕತ್ತರಿಸಿ ದಾಟಿಸುವ ಬೇರೆ ಸಲಕರಣೆ ಬೇಕು. ಜಪಾನ್, ಅಮೆರಿಕದ ಲ್ಯಾಬುಗಳಲ್ಲಿ ಅಂಥವು ಇವೆ. ಜೇಡಿಮಣ್ಣಿನ ಕೆಲಸವನ್ನೂ ಇದರಲ್ಲಿ ಆಸೆಪಡಬೇಡಿ. ಕೃಷ್ಣಾ-ಗೋದಾವರಿಯ ಬಿರುಕುಗಳಲ್ಲಿ ಹೈಡ್ರೇಟ್ ನರ ನರವಾಗಿ ಹಬ್ಬಿರುತ್ತದೆ. ಐದು ಸೆಂಟಿಮೀಟರ್ ಕಂಬದಲ್ಲಿ ಒಂದು ನರ ಓರೆಯಾಗಿ ಬಂದರೆ ನೀವು ಅಳೆಯುವುದು ಆ ನರವನ್ನು, ಮಣ್ಣನ್ನು ಅಲ್ಲ.

ಅಂಕ ಕೊಡಲೇಬೇಕು ಅಂದರೆ ಐದಕ್ಕೆ ಮೂರು. ಲೋಡ್ ಸೆಲ್, ಪಂಪು, ಸೆಲ್ಲಿಗೆ ಒಂದೊಂದು. ತಂಪಿಗೂ ಸರ್ವಿಸ್‌ಗೂ ಸೊನ್ನೆ. ಮತ್ತೆ ಇದನ್ನೇ ತರಿಸುತ್ತೀರಾ ಅಂತ ಫೋನಲ್ಲಿ ಕೇಳಿದರು. ತರಿಸುತ್ತೇನೆ. ಆದರೆ ಟೆಂಡರಿನಲ್ಲಿ "ಟೆಂಪರೇಚರ್ ಪ್ಲಸ್ ಮೈನಸ್ 0.1" ಅಂತ ಬರೆಯುವ ಜಾಗದಲ್ಲಿ "ಕಂಬದ ತಲೆಯಲ್ಲೂ ಬುಡದಲ್ಲೂ ಅಳೆದಾಗ" ಅಂತ ಸೇರಿಸುತ್ತೇನೆ. ಚಿಲ್ಲರ್ ಕರೆಂಟ್ ಬಂದ ಮೇಲೆ ತಾನೇ ಎದ್ದೇಳಬೇಕು ಅಂತ ಇನ್ನೊಂದು ಸಾಲು. ಡೆಮೊ ದಿನ ಮೇನ್ ಸ್ವಿಚ್ ನಾನೇ ಆಫ್ ಮಾಡಿ ನೋಡುತ್ತೇನೆ.

ಹಾಂ, ಚೀಲದ ವಿಷಯ ಮರೆತೆ. ಜೊತೆಗೆ ಬರುವ ಆರು ಚೀಲ ಲೇಟೆಕ್ಸ್‌ನವು. ಲೇಟೆಕ್ಸ್ ಮೂಲಕ ಮೀಥೇನ್ ನಿಧಾನಕ್ಕೆ ನುಸುಳುತ್ತದೆ. ಮೂರು ದಿನದ ಪರೀಕ್ಷೆ ಮುಗಿಸಿ ಸೆಲ್ ಒತ್ತಡ ಇಳಿಸಿದಾಗ ಹೊರಗೆ ಬಂದ ನೀರು ಗೋಲಿ ಸೋಡಾದ ಹಾಗೆ ಬುಸುಗುಟ್ಟಿತು. ಚೀಲದ ಒಳಗಿರಬೇಕಾದ ಗ್ಯಾಸ್ ಹೊರಗಿನ ನೀರಿನಲ್ಲಿತ್ತು. ನೈಟ್ರೈಲ್ ಚೀಲ ಬೇರೆ ತರಿಸಿಕೊಳ್ಳಿ, ಅದೂ ಡಜನ್ ಲೆಕ್ಕದಲ್ಲಿ. ಬರಲು ಎರಡು ತಿಂಗಳು ಹಿಡಿಯುತ್ತದೆ.